ಯಾದವಾಡದ ಕಲ್ಲು ಮತ್ತು ಬೆಳವಡಿ ಮಲ್ಲಮ್ಮ

ಧಾರವಾಡ ತಾಲೂಕಿನ ಯಾದವಾಡದಲ್ಲಿ ಉಬ್ಬುಗೆತ್ತನೆಯ ಹಳೆಯ ಕಲ್ಲೊಂದಿದೆ. ಜನ ಅದನ್ನು ಶಿವಾಜಿಯ ಶಿಲ್ಪವೆಂದೇ ಗುರುತಿಸುತ್ತಾರೆ. ಮೇಲಿನ ಭಾಗದಲ್ಲಿ ಆಯುಧಪಾಣಿಯಾಗಿ ಕುದುರೆಯೇರಿದ ಶಿವಾಜಿ. ಕೆಳಗಿನ ಭಾಗದಲ್ಲಿ ಆತನೇ ಕುಳಿತು, ಮಗುವೊಂದನ್ನು ತೊಡೆಯ ಮೇಲಿರಿಸಿಕೊಂಡು ಹಾಲುಣಿಸುವ ದೃಶ್ಯ. ಆ ಮಗು ಬೆಳವಡಿ ಮಲ್ಲಮ್ಮನದು. ಕಲ್ಲನ್ನು ಕಡೆಯಿಸಿದವಳೂ ಅವಳೇ ಎಂಬುದು ಪರಂಪರೆಯಿಂದ ಬಂದ ಮಾತು. ಹಾಗಾದರೆ ಈ ಶಿಲ್ಪವನ್ನು ಮಲ್ಲಮ್ಮನ ಮಾತೆಂದು ಓದುವುದೇ ಸರಿಯಾದೀತು ಎಂಬುದು ನನ್ನ ವಾದ.

1678ರ ಆರಂಭದ ಸಂಗತಿಯಿದು. ಶಿವಾಜಿಯ ಸೈನ್ಯ ಕರ್ನಾಟಕದ ದಂಡಯಾತ್ರೆ ಮುಗಿಸಿ ಹಿಂದಿರುಗುತ್ತಿತ್ತು. ಈಗಿನ ಬೈಲಹೊಂಗಲ ಸೀಮೆಯ ಬೆಳವಡಿ ಒಂದು ಸಣ್ಣ ದೇಸಗತಿ. ಆ ಪುಟ್ಟ ಕೋಟೆಯನ್ನು ಒಬ್ಬ ಹೆಣ್ಣುಮಗಳು 27 ದಿನ ಕಾಯ್ದಳೆಂದು ಇತಿಹಾಸಕಾರ ಜದುನಾಥ ಸರ್ಕಾರರು ಬರೆಯುತ್ತಾರೆ. ಮೊಗಲರಿಂದಲೂ ದಕ್ಖನಿಗಳಿಂದಲೂ ಆಗದಿದ್ದ ಮುಖಭಂಗ ಶಿವಾಜಿಗೆ ಇಲ್ಲಿ ಆಯಿತೆಂದು ರಾಜಾಪುರದ ಇಂಗ್ಲಿಷ್ ವರ್ತಕರು ಆ ಫೆಬ್ರವರಿಯ ಪತ್ರದಲ್ಲಿ ಬೆರಗುಪಟ್ಟರು. ಅವರಿಗೆ ಅವಳು ಬರಿಯ ‘ದೇಸಾಯಿ ಹೆಂಗಸು’. ಸರ್ಕಾರರ ಗ್ರಂಥದಲ್ಲಿ ಸಾವಿತ್ರಿಬಾಯಿ. ಕನ್ನಡಿಗರ ನಾಲಗೆಯಲ್ಲಿ ಮಲ್ಲಮ್ಮ. ಬಸ್ಸಿನ ಹಣೆಯ ಮೇಲೆ ಒಂದು ನುಡಿ, ಮನೆಯ ಜಗಲಿಯಲ್ಲಿ ಇನ್ನೊಂದು ನುಡಿ ಕಂಡು ಬೆಳೆದ ನಮ್ಮ ತಾಳವಾಡಿ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಲಹದ ಮೂಲ ದನಗಳು. ಮರಾಠರ ಸಾಮಾನು ಹೊರುವ ಎತ್ತುಗಳನ್ನು ಬೆಳವಡಿಯವರು ಹಿಡಿದರೆಂದು ಒಂದು ಪಕ್ಷ. ದಂಡಿನವರೇ ಹಾಲಿಗಾಗಿ ಊರವರ ಹಸುಗಳನ್ನು ಅಟ್ಟಿಕೊಂಡು ಹೋದರೆಂದು ಕನ್ನಡದ ಪಕ್ಷ. ಯಾವುದು ನಿಜವೆಂದು ಕಲ್ಲು ತೀರ್ಪು ಹೇಳುವುದಿಲ್ಲ. ಆದರೆ ಶಿಲ್ಪಿ ಶಿವಾಜಿಯ ಕೈಗೆ ಕೊಟ್ಟಿರುವುದು ಹಾಲಿನ ಬಟ್ಟಲನ್ನು! ಯಾವುದಕ್ಕಾಗಿ ರಕ್ತ ಹರಿಯಿತೋ ಅದನ್ನೇ ಗೆದ್ದವನು ಸೋತವಳ ಮಗುವಿಗೆ ಕುಡಿಸಬೇಕು. ದೀಪಾವಳಿಯ ಮರುದಿನಗಳಲ್ಲಿ ಸಗಣಿಯ ರಾಶಿಯಲ್ಲೇ ಗೊರೆಹಬ್ಬ ಆಡುವ ಗುಮಟಾಪುರದವರಿಗೆ ಹಟ್ಟಿ ಬರಿದಾಗುವುದೆಂದರೆ ಏನೆಂದು ಗೊತ್ತು. ನಾನು ಆ ಬಟ್ಟಲನ್ನು ಕೇವಲ ವಾತ್ಸಲ್ಯದ ಗುರುತೆಂದು ಒಪ್ಪಲಾರೆ. ಅದರಲ್ಲಿ ಒಂದು ಲೆಕ್ಕ ಚುಕ್ತಾ ಆಗಿದೆ.

ತುರುಗೊಳ್ ಕಾಳಗದಲ್ಲಿ ಮಡಿದವರಿಗೆ ಕನ್ನಡ ನಾಡು ವೀರಗಲ್ಲು ನೆಟ್ಟಿತು. ಅವುಗಳ ಕ್ರಮ ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ: ತಳದಲ್ಲಿ ಯುದ್ಧ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಶಿವಸನ್ನಿಧಿ. ಯಾದವಾಡದ ಕಲ್ಲು ಈ ಏಣಿಯನ್ನು ಬಿಟ್ಟುಕೊಟ್ಟಿದೆ. ಕತ್ತಿ ಮೇಲಿದೆ, ಶಾಂತಿ ನೆಲದ ಹತ್ತಿರ. ವೀರಗಲ್ಲಿನಲ್ಲಿ ಸತ್ತವನು ಸ್ವರ್ಗಕ್ಕೆ ಏರುತ್ತಾನೆ. ಇಲ್ಲಿ ಬದುಕಿರುವ ವಿಜೇತನೇ ಕುದುರೆಯಿಂದಿಳಿದು ಮಗುವಿನ ಎತ್ತರಕ್ಕೆ ಬಂದು ಕೂರುತ್ತಾನೆ. ಬೇಲೂರಿನ ನಯಗಾರಿಕೆಯನ್ನು ಇಲ್ಲಿ ಅರಸಬೇಕಾಗಿಲ್ಲ. ಈ ಇಳಿತವೇ ಇದರ ಕಲೆ.

ಹೊಗಳಿಕೆಯ ಜತೆಗೆ ಒಂದು ತಕರಾರೂ ಇದೆ. ಪತಿ ಈಶಪ್ರಭುವನ್ನು ಕಳೆದುಕೊಂಡು, ಕೋಟೆಯನ್ನು ಕಾಯ್ದ ಆ ದಿನಗಳಿಗೆ ಈ ಶಿಲೆಯಲ್ಲಿ ಅಂಗೈಯಗಲ ಜಾಗವೂ ಸಿಕ್ಕಿಲ್ಲ. ಸೆರೆಸಿಕ್ಕ ಅವಳನ್ನು ಅವಮಾನಿಸಿದ ಸರದಾರ ಸಖೂಜಿ ಗಾಯಕವಾಡನಿಗೆ ಶಿವಾಜಿ ಶಿಕ್ಷೆ ವಿಧಿಸಿದನೆಂಬ ಕಥನವಿದೆ. ಅದರ ಸುಳಿವೂ ಇಲ್ಲ. ಕ್ಷಮೆ ಉಳಿದು ಕದನ ಅಳಿಸಿಹೋಯಿತು. ಅದನ್ನು ತುಂಬಲೆಂದೋ ಏನೋ, ಇಂದಿನ ಚಿತ್ರಗಾರರು ಅವಳಿಗೆ ಕುದುರೆ, ಖಡ್ಗ ಎರಡನ್ನೂ ಧಾರಾಳವಾಗಿ ಕೊಡುತ್ತಾರೆ. ಹಾಗೆ ಕೊಟ್ಟಾಗ ಅವಳು ಕಿತ್ತೂರು ಚೆನ್ನಮ್ಮನ ನೆರಳಿನಂತೆ ಕಾಣತೊಡಗುತ್ತಾಳೆ. ಒಂದೂವರೆ ಶತಮಾನ ಮುಂಚಿನವಳಿಗೆ ಅನಂತರದವಳ ಮುಖ! ಅದಕ್ಕಿಂತ ನನಗೆ, ತನ್ನ ಮಗುವಿಗೆ ಹಾಲು ಕುಡಿಸೆಂದು ಶತ್ರುವನ್ನು ಕಲ್ಲಿನಲ್ಲಿ ಕೂರಿಸಿ, ಮುನ್ನೂರು ವರ್ಷವಾದರೂ ಏಳಗೊಡದ ಆ ತಾಯಿಯೇ ಹೆಚ್ಚು ಮಲ್ಲಮ್ಮನಾಗಿ ಕಾಣುತ್ತಾಳೆ.