ತಟ್ಟೆಯಲ್ಲಿ ಬೆಳೆದ ಸೊಳ್ಳೆ

1897ರ ಆಗಸ್ಟ್ ತಿಂಗಳಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಮಲೇರಿಯಾ ರೋಗಿಯಾದ ಹುಸೇನ್ ಖಾನನ ರಕ್ತವನ್ನು ಹೀರಲು ಬಿಟ್ಟುದು ಮರಿಹುಳುಗಳಿಂದ ಸಾಕಿ ಬೆಳೆಸಿದ್ದ ಸೊಳ್ಳೆಗಳನ್ನು. ಅವು ಅದುವರೆಗೆ ಯಾರನ್ನೂ ಕಚ್ಚಿರಲಿಲ್ಲವೆಂಬ ನಿಶ್ಚಯವಿದ್ದುದರಿಂದಲೇ ಅವುಗಳ ಜಠರಭಿತ್ತಿಯಲ್ಲಿ ಕಂಡ ರೋಗಾಣುಕೋಶಗಳಿಗೆ ಪ್ರಮಾಣದ ಬಲವೊದಗಿತು. ಸೊಳ್ಳೆಯನ್ನು ಸಾಕಿ ಪರೀಕ್ಷಿಸುವ ಪದ್ಧತಿಯ ಹಿರಿಮೆ ಅಲ್ಲಿಯೇ ಸಿದ್ಧವಾಯಿತೆನ್ನಬೇಕು.

ಆದರೆ ಯಾರನ್ನೂ ಕಚ್ಚದ ಸೊಳ್ಳೆಯೆಂದ ಮಾತ್ರಕ್ಕೆ ಅದನ್ನು ಪೂರ್ವಚರಿತ್ರೆಯಿಲ್ಲದ ಸೊಳ್ಳೆಯೆಂದು ಭಾವಿಸಲಾಗದು. ನೀರಿನಲ್ಲಿ ಕಳೆದ ಬಾಲ್ಯವೆಲ್ಲ ಅದರ ದೇಹದಲ್ಲಿ ಅಡಕವಾಗಿರುತ್ತದೆ. ಇಂದಿನ ಪ್ರಯೋಗಾಲಯಗಳು ಈ ಬಾಲ್ಯವನ್ನು ಏಕರೂಪಗೊಳಿಸಿವೆ: ಸುಮಾರು 27 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ತೇವ ತುಂಬಿದ ಗಾಳಿ, ಅಗಲವಾದ ತಟ್ಟೆಯಲ್ಲಿ ತೆಳುವಾಗಿ ನಿಂತ ನೀರು, ಎಣಿಸಿ ಬಿಟ್ಟ ಮರಿಗಳು, ಹೊತ್ತುಹೊತ್ತಿಗೆ ಉದುರಿಸಿದ ಅಕ್ವೇರಿಯಂ ಮೀನಿನ ಆಹಾರದ ಪುಡಿ. ಒಂದೆಡೆಯ ಫಲಿತಾಂಶವನ್ನು ಮತ್ತೊಂದೆಡೆಯದರೊಡನೆ ಹೋಲಿಸಲು ಈ ಶಿಸ್ತು ಅತ್ಯಗತ್ಯ. ಇದನ್ನು ಹಳಿಯುವುದು ನ್ಯಾಯವಲ್ಲ. ದೋಷವಿರುವುದು, ಹೀಗೆ ಉಂಡು ಬೆಳೆದ ಸೊಳ್ಳೆಯನ್ನು, ಆಫ್ರಿಕದ ಹಳ್ಳಿಯೊಂದರ ದನದ ಗೊರಸಿನ ಗುಂಡಿಯಲ್ಲಿ, ಇಂದೋ ನಾಳೆಯೋ ಬತ್ತಲಿರುವ ನೀರಿನಲ್ಲಿ, ಒಡಹುಟ್ಟಿದವುಗಳೊಡನೆ ಆಹಾರಕ್ಕಾಗಿ ಸೆಣಸಿ ಹೊರಬಂದ ಸೊಳ್ಳೆಯ ಪ್ರತಿನಿಧಿಯೆಂದು ಗ್ರಹಿಸುವಲ್ಲಿ.

ಇವೆರಡರ ಅಂತರವನ್ನು ಸೂಕ್ಷ್ಮದರ್ಶಕದಡಿ ರೆಕ್ಕೆಯೊಂದನ್ನಿಟ್ಟು ಅಳೆಯಬಹುದು. ಬುಡದ ಬಳಿಯ ಕಚ್ಚಿನಿಂದ ತುದಿಯವರೆಗೆ, ಅಂಚಿನ ಕುಚ್ಚನ್ನು ಬಿಟ್ಟು ಅಳೆದಾಗ 3 ಮಿಲಿಮೀಟರಿನ ಆಚೀಚೆ ಬರುವ ಆ ಉದ್ದವೇ ದೇಹಗಾತ್ರದ ಸೂಚಕ. ಕೋಶದಿಂದ ಹೊರಬಿದ್ದ ಮೇಲೆ ಸೊಳ್ಳೆ ಬೆಳೆಯುವುದಿಲ್ಲವಾದ್ದರಿಂದ ಮರಿಯಾಗಿದ್ದಾಗಿನ ಕೊರತೆ ಆಮರಣ ಉಳಿಯುತ್ತದೆ. ಕಿಕ್ಕಿರಿದ, ಆಹಾರ ಸಾಲದ ನೀರಿನಿಂದ ಸಣ್ಣ ಸೊಳ್ಳೆಗಳು ಏಳುತ್ತವೆ. ಏರಿದ ಉಷ್ಣತೆಯೂ ಬೆಳವಣಿಗೆಯನ್ನು ಅವಸರಪಡಿಸಿ ಅದನ್ನೇ ಮಾಡುತ್ತದೆ. ಸಣ್ಣದಾದುದು ದುರ್ಬಲ, ದುರ್ಬಲವಾದುದು ನಿರಪಾಯಕರ ಎಂಬ ಊಹೆ ಸಹಜವೇ. ಆದರೆ ಮಲೇರಿಯಾ ಹರಡುವ ಅನಾಫಿಲಿಸ್ ಗ್ಯಾಂಬಿಯೇ ಜಾತಿಯನ್ನು ಕುರಿತು ಟಾಂಜಾನಿಯದಲ್ಲಿ ನಡೆದ ಅಧ್ಯಯನಗಳು ಆ ಊಹೆಯನ್ನು ಕೆಡವುತ್ತವೆ. ಸಣ್ಣ ಹೆಣ್ಣಿಗೆ ಮೊದಲ ರಕ್ತಭೋಜನವು ತನ್ನ ಬರಿದಾದ ಶರೀರಸಂಚಯವನ್ನು ತುಂಬಿಕೊಳ್ಳುವುದಕ್ಕೇ ವ್ಯಯವಾಗುವುದರಿಂದ, ಮೊಟ್ಟೆ ಬಲಿಯಲು ಎರಡನೆಯ, ಕೆಲವೊಮ್ಮೆ ಮೂರನೆಯ ಊಟವೂ ಬೇಕಾಗುತ್ತದೆ. ಇಡುವ ಮೊಟ್ಟೆ ಕಡಿಮೆ, ಕಚ್ಚುವ ಸರದಿ ಹೆಚ್ಚು. ರೋಗವಾಹಕವೊಂದರ ವಿಷಯದಲ್ಲಿ ಇದಕ್ಕಿಂತ ಗಂಭೀರವಾದ ಮಾತು ವಿರಳ. ಪುಷ್ಟ ಸೊಳ್ಳೆಗಳನ್ನಷ್ಟೇ ನೋಡಿದ ಪ್ರಯೋಗಾಲಯಕ್ಕೆ ಈ ಹಸಿವು ಗೋಚರಿಸುವುದೇ ಇಲ್ಲ. ಆದುದರಿಂದ ಮರಿಗಳ ಸಾಂದ್ರತೆ, ಆಹಾರದ ತೂಕ, ನೀರಿನ ಉಷ್ಣತೆ ಇವನ್ನು ಹೇಳದೆ ವಯಸ್ಕ ಸೊಳ್ಳೆಯ ಆಯುಸ್ಸನ್ನೋ ಕಡಿತವನ್ನೋ ವರ್ಣಿಸುವ ಪ್ರಬಂಧ ನನ್ನ ದೃಷ್ಟಿಯಲ್ಲಿ ಅರ್ಧಪ್ರಬಂಧ. ಹಿತವಾದ ತಟ್ಟೆಯ ಪಕ್ಕದಲ್ಲಿ ಕಿಕ್ಕಿರಿದ, ಅರೆಹೊಟ್ಟೆಯ ಮತ್ತೊಂದು ತಟ್ಟೆಯನ್ನಿಡುವ ವೆಚ್ಚವಾದರೂ ಎಷ್ಟು?

ಡೆಂಗಿಯನ್ನು ತಡೆಯಲೆಂದು ಈಡಿಸ್ ಈಜಿಪ್ಟೈ ಸೊಳ್ಳೆಗಳಲ್ಲಿ ನೆಲೆಗೊಳಿಸಿ ಬಿಡುವ ವೊಲ್ಬಾಕಿಯಾ ಬ್ಯಾಕ್ಟೀರಿಯದಲ್ಲಿ ಸೊಳ್ಳೆಯ ನೀರಿನ ಬಾಲ್ಯದ ಫಲ ಇನ್ನೂ ನೇರವಾಗಿದೆ. ಅದರ ಡಬ್ಲ್ಯುಮೆಲ್ ಎಂಬ ತಳಿಯು ಒಂದೇ ಹದದ ಉಷ್ಣತೆಯ ಕೋಣೆಯಲ್ಲಿ ದೃಢವಾಗಿ ನಿಂತರೂ, ದಿನವೂ 26ರಿಂದ 37 ಡಿಗ್ರಿಯವರೆಗೆ ಏರಿಳಿಯುವ ನೀರಿನಲ್ಲಿ ಬೆಳೆದ ಸೊಳ್ಳೆಗಳಲ್ಲಿ ತೀರ ಕ್ಷೀಣಿಸುತ್ತದೆ. ಬಿಸಿಲಿಗೆ ಕಾಯುವ ಡ್ರಮ್ಮು, ಟೈರುಗಳ ನೀರೇ ಈ ಸೊಳ್ಳೆಯ ತವರಾಗಿರುವ ಊರುಗಳಲ್ಲಿ, ಬಿಡುಗಡೆಗೆ ಮುನ್ನ ಆ ನೀರಿನ ಉಷ್ಣತೆಯನ್ನು ಬೆಳಗಿನಿಂದ ಬೈಗಿನವರೆಗೆ ಅಳೆದು ನೋಡಲೇಬೇಕೆಂಬುದು ನನ್ನ ಆಗ್ರಹ.