ಯಂತ್ರ ಹೇಳಿದ ಸಾವು

ವಿಮರ್ಶೆ ಎಂದರೆ ಮಹಾಕಾವ್ಯವನ್ನೋ ಕಾದಂಬರಿಯನ್ನೋ ಎದುರಿಗಿಟ್ಟುಕೊಂಡು ಬರೆಯುವುದೆಂದು ಕಾಲೇಜಿನಲ್ಲಿ ನಮಗೆ ಹೇಳಿಕೊಟ್ಟರು. ನಾವಿಲ್ಲಿ ಎತ್ತಿಕೊಂಡಿರುವುದು ಮೂರು ವಾಕ್ಯದ ಒಂದು ಸಾವಿನ ಕಾರ್ಡನ್ನು. ಇದಕ್ಕೆ ಕರ್ತೃ ಇಲ್ಲ. ಬರೆದದ್ದು ಯಂತ್ರ. ಸತ್ತದ್ದು ನಮ್ಮ ತಾತ.

ತಾತ ತೀರಿಕೊಂಡಾಗ ತಾಲ್ಲೂಕು ಕೇಂದ್ರದ ಅಂಗಡಿಯೊಂದರಿಂದ ಹೆಣ ಇಡುವ ಫ್ರೀಜರ್ ಪೆಟ್ಟಿಗೆ ಬಾಡಿಗೆಗೆ ತಂದೆವು. ದೂರದೂರಿಗೆ ಕೂಲಿಗೆ ಹೋಗಿದ್ದ ಚಿಕ್ಕಪ್ಪ ಬರುವ ತನಕ ಕಾಯಬೇಕಿತ್ತು. ಪೆಟ್ಟಿಗೆ, ಶವದ ವ್ಯಾನು, ಶಾಮಿಯಾನ, ಹೂವು ಎಲ್ಲಾ ಒಂದೇ ಫೋನಿಗೆ ಸಿಗುವ ಅಂಗಡಿ ಅದು. 'ಕಾರ್ಡು ಫ್ರೀ, ಎಐ ಮಾಡ್ಕೊಡ್ತದೆ' ಅಂದ ಅಂಗಡಿಯವನು. ಹೆಸರು, ವಯಸ್ಸು, ಊರು, ಒಂದು ಫೋಟೊ ಕೇಳಿದ. ಕೊಟ್ಟೆವು. ಒಂದು ನಿಮಿಷ ಆಗಿರಲಿಲ್ಲ, ಫೋನಿಗೆ ಬಂತು:

'ಕೃಷಿಯನ್ನೇ ಉಸಿರಾಗಿಸಿಕೊಂಡು, ಸರಳ ಸಜ್ಜನಿಕೆಯಿಂದ ಸರ್ವರ ಪ್ರೀತಿಗೆ ಪಾತ್ರರಾಗಿ, ತುಂಬು ಜೀವನ ನಡೆಸಿದ ಹಿರಿಯ ಚೇತನವು ಕುಟುಂಬದವರ ಸಮ್ಮುಖದಲ್ಲಿ ಶಾಂತಿಯುತವಾಗಿ ಇಹಲೋಕ ತ್ಯಜಿಸಿತು. ಸಕಲ ವಿಧಿವಿಧಾನಗಳೊಂದಿಗೆ ಅಗ್ನಿಸಂಸ್ಕಾರ ನೆರವೇರಲಿದೆ. ಭಗವಂತನು ಮೃತರ ಆತ್ಮಕ್ಕೆ ಸದ್ಗತಿ ಕರುಣಿಸಲಿ.'

ಅವ್ವನಿಗೆ ಓದು ಬರದು. ನಾವೇ ಓದಿ ಹೇಳಿದೆವು. ಒಂದು ಗಳಿಗೆ ಸುಮ್ಮನಿದ್ದು ಅವ್ವ ಅಂದಳು: 'ಯಾರ್ದಲಾ ಮಗ ಇದು? ಗೌಡ್ರ ಮನೇದು ಬದ್ಲಾಗಿ ಬಂದದಾ? ಇದು ನಿಮ್ ತಾತ ಅಲ್ಲ ಕಣ್ಲಾ.'

ಐದು ವರ್ಷದ ಬಿಎ, ಎಂಎಯಲ್ಲಿ ಇಷ್ಟು ನೇರವಾದ ವಿಮರ್ಶೆಯನ್ನು ನಾವು ಕೇಳಿರಲಿಲ್ಲ. ಅವ್ವನ ಮಾತನ್ನೇ ಹಿಡಿದುಕೊಂಡು ಈ ಕೃತಿಯನ್ನು ಸಾಲು ಸಾಲಾಗಿ ನೋಡೋಣ.

'ಕೃಷಿಯನ್ನೇ ಉಸಿರಾಗಿಸಿಕೊಂಡು.' ತಾತನಿಗೆ ಒಂದು ಗುಂಟೆ ಹೊಲ ಇರಲಿಲ್ಲ. ಹುಡುಗನಾಗಿದ್ದಾಗಲೇ ಜೀತಕ್ಕೆ ಬಿದ್ದವನು. ಜೀತ ರದ್ದಿನ ಕಾಯ್ದೆ 1976ರಲ್ಲಿ ಬಂದ ಮೇಲೂ ಕೂಲಿಯ ಲೆಕ್ಕ ಗೌಡರ ಬಾಯಲ್ಲೇ ಇತ್ತು. ಉಸಿರು ತಾತನದು, ಕೃಷಿ ಇನ್ನೊಬ್ಬರದು. 'ಸರ್ವರ ಪ್ರೀತಿಗೆ ಪಾತ್ರರಾಗಿ.' ಆ ಸರ್ವರು ತಾತನಿಗೆ ಹೋಟೆಲಿನ ಹಿಂದುಗಡೆ ಬೇರೆ ಲೋಟ ಇಟ್ಟಿದ್ದರು. 'ಶಾಂತಿಯುತವಾಗಿ.' ತಾತ ಸತ್ತದ್ದು ಆಸ್ಪತ್ರೆಯೊಂದರ ಕಾರಿಡಾರಿನಲ್ಲಿ, ಹಾಸಿಗೆ ಖಾಲಿಯಾಗಲೆಂದು ಕಾಯುತ್ತ, ಉಸಿರು ಸಿಕ್ಕದೆ. 'ಅಗ್ನಿಸಂಸ್ಕಾರ.' ನಾವು ಸುಡುವವರಲ್ಲ, ಹೂಳುವವರು. ತಮಟೆ ಬಡಿದುಕೊಂಡು ಹೋಗಿ ಮಣ್ಣು ಮಾಡುವವರು. ಯಾವ ವಿಧಿವಿಧಾನದವರೂ ನಮ್ಮ ಕೇರಿಯೊಳಕ್ಕೆ ಕಾಲಿಟ್ಟವರಲ್ಲ.

ಮೂರು ವಾಕ್ಯದಲ್ಲಿ ನಿಜವಾದದ್ದು ಒಂದೇ: ತಾತ ಸತ್ತಿದ್ದಾನೆ.

ಇದರಲ್ಲಿ ಇನ್ನೊಂದು ವ್ಯಂಗ್ಯ ಇದೆ. ಊರಿನ ಸಾವಿನ ಸುದ್ದಿ ಹೊರುತ್ತಿದ್ದವನೇ ನಮ್ಮ ತಾತ. ಮೇಲ್ಕೇರಿಯಲ್ಲಿ ಯಾರೇ ಸತ್ತರೂ ನಡುರಾತ್ರಿಯಲ್ಲಿ ಕರೆ ಬರುತ್ತಿತ್ತು. ನೆಂಟರೂರಿಗೆ ಹರದಾರಿಗಟ್ಟಲೆ ನಡೆದು, ಜಗಲಿ ಹತ್ತದೆ, ಅಂಗಳದ ಆಚೆ ನಿಂತು ಸಾವು ಹೇಳಬೇಕು. ವಲ್ಲಿಗೆ ಒಂದು ಸೇರು ರಾಗಿ ಸುರಿಯುತ್ತಿದ್ದರು. ಬಿಟ್ಟಿ ಚಾಕರಿ ಅದು, ಅವಮಾನದ ಕೆಲಸ ಅದು. ಆ ಚಾಕರಿ ಮತ್ತೆ ಬರಲೆಂದು ನಾವು ಹೇಳುತ್ತಿಲ್ಲ. ಆದರೆ ತಾತ ಯಾರು, ಏನಾಗಿ, ಯಾವ ಹೊತ್ತಿನಲ್ಲಿ ಸತ್ತರು, ಮಣ್ಣು ಯಾವಾಗ ಎಂಬುದನ್ನು ಒಂದಕ್ಷರ ಹೆಚ್ಚುಕಮ್ಮಿ ಇಲ್ಲದೆ ಹೇಳುತ್ತಿದ್ದ. ಗೊತ್ತಿಲ್ಲದ್ದನ್ನು ಹೇಳುತ್ತಿರಲಿಲ್ಲ. ಅಂಥವನ ಸಾವನ್ನು ಹೇಳಿದ ಯಂತ್ರಕ್ಕೆ ಅವನ ಈ ಒಂದು ನಿಯತ್ತು ಇರಲಿಲ್ಲ.

ಯಂತ್ರ ಯಾಕೆ ಹೀಗೆ ಬರೆಯಿತು? ಅದಕ್ಕೆ ಜಾತಿಯ ಹಗೆ ಇದೆಯೆಂದು ನಾವು ಹೇಳಲಾರೆವು. ಜನ ಈಗಾಗಲೇ ಬರೆದಿಟ್ಟಿರುವ ಕೋಟಿಗಟ್ಟಲೆ ಬರಹವನ್ನು ಅದಕ್ಕೆ ಉಣಿಸಿರುತ್ತಾರೆ. ಒಂದು ಮಾತಿನ ಮುಂದೆ ಯಾವ ಮಾತು ಬಂದೀತು ಎಂಬ ಲೆಕ್ಕ ಹಾಕುತ್ತ ಅದು ಬರೆಯುತ್ತದೆ. ಸಾವಿನ ಜಾಹೀರಾತು ಹಾಕಿಸಲು ಕಾಸಿದ್ದವರು ಯಾರು? ಪತ್ರಿಕೆಯಲ್ಲಿ ಫೋಟೊ ಸಮೇತ ಸತ್ತವರು ಯಾರು? ಅವರ ಭಾಷೆಯೇ ಯಂತ್ರದ ಭಾಷೆ. ನಮ್ಮವರು ಬರಹದಲ್ಲಿ ಸತ್ತೇ ಇಲ್ಲ. ಹಾಗಾಗಿ ನಮ್ಮ ಸಾವಿನ ಖಾಲಿ ಜಾಗಕ್ಕೆ ಅದು ಉಳ್ಳವರ ಸಾವನ್ನು ತಂದು ತುಂಬುತ್ತದೆ. ಖಾಲಿ ಬಿಡು ಎಂದು ಗಟ್ಟಿಯಾಗಿ ಹೇಳದಿದ್ದರೆ ತುಂಬುವುದೇ ಅದರ ಸ್ವಭಾವ.

ಸಾವಿನ ಕೆಲಸ ದೊಡ್ಡ ಉದ್ಯಮವೇ ಆಗಿರುವುದು ಅಮೆರಿಕದಲ್ಲಿ. ಅಲ್ಲಿ ಫ್ಯೂನರಲ್ ಹೋಂ ಎಂಬ ಸಂಸ್ಥೆಗಳು ಹೆಣ ಒಯ್ದು, ಕೆಡದಂತೆ ಮದ್ದು ಏರಿಸಿ, ಮುಖಕ್ಕೆ ಬಣ್ಣ ಹಚ್ಚಿ, ಪೆಟ್ಟಿಗೆಯಲ್ಲಿ ಮಲಗಿಸಿ ತೋರಿಸುತ್ತವೆ. ದುಃಖದಲ್ಲಿರುವವರಿಂದ ಹೇಗೆ ದುಡ್ಡು ಸುಲಿಯುತ್ತಾರೆಂದು ಜೆಸ್ಸಿಕಾ ಮಿಟ್‌ಫರ್ಡ್ ಎಂಬಾಕೆ 1963ರಲ್ಲೇ ಪುಸ್ತಕ ಬರೆದು ಬಯಲಿಗೆಳೆದರು. ಒಂದೊಂದು ಸಾಮಾನಿಗೂ ಸೇವೆಗೂ ಬೇರೆ ಬೇರೆ ದರ ಬರೆದು ಕೊಡಬೇಕೆಂಬ ಸರ್ಕಾರಿ ನಿಯಮ ಅಲ್ಲಿ ಜಾರಿಗೆ ಬಂದದ್ದು 1984ರಲ್ಲಿ. ಈಗ ಆ ಸಂಸ್ಥೆಗಳೂ ಸಾವಿನ ಬರಹ ಬರೆಸಲು, ಹೊತ್ತಲ್ಲದ ಹೊತ್ತಿನ ಫೋನಿಗೆ ಉತ್ತರಿಸಲು ಈ ಯಂತ್ರವನ್ನು ತರುತ್ತಿವೆ.

ಅವರೂ ನಮ್ಮ ಅಂಗಡಿಯವರೂ ಪಾಠ ಕಲಿಯಬೇಕಾದ ಎರಡು ಘಟನೆ 2023ರಲ್ಲಿ ನಡೆದವು. ಆ ಫೆಬ್ರವರಿಯಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗುಂಡೇಟಿಗೆ ಮೂವರು ವಿದ್ಯಾರ್ಥಿಗಳು ಸತ್ತರು. ವ್ಯಾಂಡರ್‌ಬಿಲ್ಟ್ ಎಂಬ ಇನ್ನೊಂದು ವಿಶ್ವವಿದ್ಯಾಲಯದ ಒಂದು ಕಾಲೇಜು ತನ್ನ ವಿದ್ಯಾರ್ಥಿಗಳಿಗೆ ಸಂತಾಪದ ಪತ್ರ ಕಳಿಸಿತು. ಒಬ್ಬರಿಗೊಬ್ಬರು ಆಸರೆಯಾಗಿ ಎಂಬಂಥ ಮಾತು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ಇದನ್ನು ಚಾಟ್‌ಜಿಪಿಟಿಯಿಂದ ತೆಗೆದುಕೊಂಡದ್ದು ಎಂದಿತ್ತು. ವಿದ್ಯಾರ್ಥಿಗಳು ಸಿಟ್ಟಾದರು, ಕಾಲೇಜು ಕ್ಷಮೆ ಕೇಳಿತು. ಆ ಪತ್ರದಲ್ಲಿ ವ್ಯಾಕರಣದ ತಪ್ಪು ಇದ್ದಿರಲಾರದು. ಅಳುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿದ್ದೇ ತಪ್ಪು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬ್ರಾಂಡನ್ ಹಂಟರ್ ಎಂಬ ಬಾಸ್ಕೆಟ್‌ಬಾಲ್ ಆಟಗಾರ 42ನೇ ವಯಸ್ಸಿಗೆ ತೀರಿಕೊಂಡರು. ಕಪ್ಪು ಮನುಷ್ಯ. ಮೈಕ್ರೋಸಾಫ್ಟ್‌ನ ಎಂಎಸ್‌ಎನ್ ತಾಣದಲ್ಲಿ, ಯಂತ್ರದಿಂದ ತಿರುವಿ ಹಾಕಿಸಿದಂತಿದ್ದ ಒಂದು ಬರಹ ಬಂತು. ತಲೆಬರಹದಲ್ಲಿ ಅವರನ್ನು '42ಕ್ಕೆ ಕೆಲಸಕ್ಕೆ ಬಾರದವರು' ಎಂದು ಕರೆದಿತ್ತು. ಓದಿದವರು ಛೀಮಾರಿ ಹಾಕಿದ ಮೇಲೆ ತೆಗೆದರು. ಕೆಲಸಕ್ಕೆ ಬಾರದವನು! ಮುದಿಯಾದ ಜೀತಗಾರನನ್ನು ಗೌಡ ಹೀಗೇ ಅನ್ನುತ್ತಿದ್ದ. ಯಂತ್ರ ಅರ್ಥ ತಿಳಿದು ಅನ್ನಲಿಲ್ಲ, ನಿಜ. ಅಚ್ಚಿಗೆ ಮುಂಚೆ ಒಬ್ಬ ಮನುಷ್ಯನೂ ಓದಿ ನೋಡಲಿಲ್ಲವಲ್ಲ, ಅದು ಯಂತ್ರದ ತಪ್ಪಲ್ಲ.

ಇವೆರಡಕ್ಕೂ ಎದುರಾಗಿ ನಾವು 1955ರ ಚಿಕಾಗೋವನ್ನು ಇಡುತ್ತೇವೆ. ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಹುಡುಗ. ನೆಂಟರ ಮನೆಗೆಂದು ಮಿಸಿಸಿಪ್ಪಿಗೆ ಹೋದವನನ್ನು ಬಿಳಿಯರು ಎಳೆದೊಯ್ದು, ಬಡಿದು, ಗುಂಡಿಕ್ಕಿ, ಹೊಳೆಗೆ ಎಸೆದರು. ಹೆಣ ಬಂದದ್ದು ಮೊಹರು ಬಿದ್ದ ಪೆಟ್ಟಿಗೆಯಲ್ಲಿ. ತಾಯಿ ಮೇಮಿ ಟಿಲ್ ಪೆಟ್ಟಿಗೆ ತೆರೆಸಿದರು. ತೆರೆದೇ ಇಡಬೇಕು, ನನ್ನ ಮಗನಿಗೆ ಏನು ಮಾಡಿದ್ದಾರೆಂದು ಲೋಕ ನೋಡಬೇಕು ಎಂದು ಹಟ ಹಿಡಿದರು. ಕಪ್ಪು ಜನರದೇ ಆದ ರೇನರ್ ಶವಸಂಸ್ಕಾರ ಸಂಸ್ಥೆ ಆ ತಾಯಿಯ ಮಾತು ನಡೆಸಿಕೊಟ್ಟಿತು. ಸಾವಿರ ಸಾವಿರ ಜನ ಸಾಲು ನಿಂತು ನೋಡಿದರು. ಜೆಟ್ ಪತ್ರಿಕೆ ಆ ಮುಖದ ಚಿತ್ರ ಅಚ್ಚು ಹಾಕಿತು. ಬರೀ ಬಿಳಿಯರಿದ್ದ ಜ್ಯೂರಿ ಕೊಲೆಗಾರರನ್ನು ಬಿಟ್ಟುಬಿಟ್ಟಿತು. ಆದರೆ ಆ ಮುಖವನ್ನು ಯಾರೂ ಮುಚ್ಚಲಾಗಲಿಲ್ಲ. ಆ ಜನರ ಹೋರಾಟ ಮುಂದೆ ಬ್ಲಾಕ್ ಪ್ಯಾಂಥರ್ಸ್ ತನಕ ಬಂತು. ಅವರ ಹೆಸರನ್ನೇ ಎತ್ತಿಕೊಂಡು 1972ರಲ್ಲಿ ಮುಂಬಯಿಯಲ್ಲಿ ನಮ್ಮವರು ದಲಿತ ಪ್ಯಾಂಥರ್ಸ್ ಕಟ್ಟಿದರು.

ಈಗ ಕೇಳಿಕೊಳ್ಳಿ, ಗೆಳೆಯರೇ: ಆ ಹುಡುಗನ ಹೆಸರು, ವಯಸ್ಸು, ಊರು ಮಾತ್ರ ಕೊಟ್ಟಿದ್ದರೆ ಯಂತ್ರ ಏನು ಬರೆಯುತ್ತಿತ್ತು? ನಗುಮೊಗದ ಬಾಲಕ ಅಕಾಲಿಕವಾಗಿ ನಮ್ಮನ್ನಗಲಿದ ಎಂದು ಬರೆಯುತ್ತಿತ್ತು. ಮ್ಯಾನ್‌ಹೋಲಿನಲ್ಲಿ ಉಸಿರುಗಟ್ಟಿ ಸತ್ತವನಿಗೂ ಅದೇ 'ಅಕಾಲಿಕ'. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಬೆಂದುಹೋದ ಏಳು ಜನ ದಲಿತರಿಗೂ ಅದೇ 'ಅಗಲಿಕೆ'. ಕೊಲೆಯನ್ನು ನಿಧನವೆಂದು ಕರೆದರೆ ಕೊಲೆಗಾರನಿಗೆ ಲಾಭ. ಸವಿಮಾತಿನ ಸಾವಿನ ಬರಹ ಮೊಹರು ಬಿದ್ದ ಪೆಟ್ಟಿಗೆ ಇದ್ದ ಹಾಗೆ.

ಇನ್ನು ಸತ್ತವರ ಬಾಯಲ್ಲಿ ಮಾತಾಡಿಸುವ ವಿದ್ಯೆ. 2018ರಲ್ಲಿ ತೀರಿಕೊಂಡ ಕರುಣಾನಿಧಿಯವರನ್ನು 2024ರ ಜನವರಿಯಲ್ಲಿ ಒಂದು ಪುಸ್ತಕ ಬಿಡುಗಡೆಯ ಪರದೆ ಮೇಲೆ ಅವರದೇ ದನಿಯಲ್ಲಿ ಮಾತಾಡಿಸಿದರು. ನಮ್ಮ ಅಂಗಡಿಯವನೂ ಕೇಳಿದ: 'ತಾತನ ವಾಯ್ಸ್ ಇದ್ರೆ ಕೊಡಿ, ತಿಥಿ ದಿನ ಮಾತಾಡ್ಸಬೋದು.' ಹುಡುಕಿದೆವು. ತಾತನ ದನಿ ಇದ್ದದ್ದು ಒಂದೇ ಕಡೆ: ಗೌಡರ ಮನೆ ಮದುವೆಯ ವಿಡಿಯೋದಲ್ಲಿ. ಕೈಮುಗಿದು ನಿಂತು ತಾತ ಒಂದೇ ಮಾತು ಅನ್ನುತ್ತಾನೆ: 'ಬುದ್ಧೀ...' ಯಂತ್ರ ಕಲಿಯುವುದು ಆ ದನಿಯನ್ನೇ ಅಲ್ಲವೇ? ನಮ್ಮ ಮಕ್ಕಳು ಮೊಮ್ಮಕ್ಕಳ ಮುಂದೆ ತಾತ ಎಂದೆಂದಿಗೂ ಆ ಬಾಗಿದ ದನಿಯಲ್ಲೇ ಮಾತಾಡಬೇಕೇ? ಬೇಡ ಅಂದೆವು. ರಾತ್ರಿ ಕೇರಿಯಲ್ಲಿ ತಮಟೆ ಕಾಯಿಸುತ್ತ ತಾತ ಬೈಯುತ್ತಿದ್ದ ದನಿ ನಮ್ಮ ಕಿವಿಯಲ್ಲಿದೆ. ಅಷ್ಟು ಸಾಕು.

ಹಾಗಾದರೆ ಯಂತ್ರವೇ ಬೇಡವೇ? ನಾವು ಹಾಗನ್ನುವುದಿಲ್ಲ. ರೈಲು ಬಂದಾಗ, ಹೋಟೆಲು ಬಂದಾಗ ಮಡಿವಂತರು ಬೇಡವೆಂದರು. ನಾವು ಹತ್ತಿ ಕೂತೆವು. ಅಕ್ಷರ ಬರದ ಮನೆಗೆ ನಾಲ್ಕು ಸಾಲು ಬರೆದುಕೊಡುವ ಸಾಧನ ಒದಗಿದರೆ ಬರಲಿ. ಆದರೆ ಅದನ್ನು ಇಟ್ಟುಕೊಳ್ಳುವವರು ಕೆಲವು ಮಾತು ಕಟ್ಟುನಿಟ್ಟಾಗಿ ನಡೆಸಬೇಕು.

ಮೊದಲು ಮನೆಯವರ ಹತ್ತಿರ ಕೂತು ಕೇಳಿ. ಸತ್ತವರು ಏನು ಕೆಲಸ ಮಾಡಿದರು, ಹೇಗೆ ಸತ್ತರು, ಹೂಳುತ್ತೀರೋ ಸುಡುತ್ತೀರೋ, ದೇವರ ಹೆಸರು ಬೇಕೋ ಬೇಡವೋ. ಕೇಳದೆ ಇದ್ದದ್ದನ್ನು ಯಂತ್ರ ತುಂಬಕೂಡದು. ಬರೆದದ್ದನ್ನು ಆ ಮನೆಯಲ್ಲೇ ಗಟ್ಟಿಯಾಗಿ ಓದಿ. ಓದು ಬಾರದ ಅವ್ವ ಹೂಂ ಅಂದರೆ ಮಾತ್ರ ಕಳಿಸಿ. ದಿನ, ಹೊತ್ತು, ಜಾಗವನ್ನು ಮನುಷ್ಯನೇ ಎರಡು ಸಲ ನೋಡಲಿ. ಒಂದು ಅಂಕಿ ತಪ್ಪಿದರೆ ದೂರದಿಂದ ಬಂದ ಮಗಳು ಅಪ್ಪನ ಮುಖ ನೋಡದೆ ಹೋಗುತ್ತಾಳೆ. ಯಂತ್ರ ಬರೆದದ್ದಾದರೆ ಮುಂಚೆಯೇ ಹೇಳಿ. ಸತ್ತವರ ಆಧಾರ್, ಫೋಟೊ, ಆಸ್ಪತ್ರೆ ಕಾಗದಗಳನ್ನು ಯಂತ್ರಕ್ಕೆ ಸುರಿಯಬೇಡಿ. ಬದುಕಿದ್ದಾಗ ಒಪ್ಪಿಗೆ ಕೊಡದವರ ದನಿ ಮುಟ್ಟಬೇಡಿ. ಫ್ರೀ ಅಂದದ್ದನ್ನು ಪೆಟ್ಟಿಗೆ ಬಾಡಿಗೆಯಲ್ಲಿ ಸೇರಿಸಬೇಡಿ. ಒಂದೊಂದಕ್ಕೂ ದರ ಬರೆದು ಕೊಡಿ.

ಕೊನೆಯದು ಹೆಣ ಮುಟ್ಟುವ ಕೈಗಳ ವಿಷಯ. 2021ರ ಎರಡನೇ ಅಲೆಯಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ಶವದ ಗಾಡಿಗಳು ಸಾಲುಗಟ್ಟಿದ್ದಾಗ, ಸ್ವಂತ ಮಕ್ಕಳೇ ಹೆದರಿ ದೂರ ನಿಂತಾಗ, ಹೆಣ ಇಳಿಸಿಕೊಂಡವರು ಯಾರು? ಹೆಚ್ಚಿನವರು ನಮ್ಮವರೇ. ಗುಂಡಿ ತೋಡುವ ಯಂತ್ರ ಬರಲಿ, ಹೆಣ ಎತ್ತುವ ಯಂತ್ರ ಬರಲಿ. ಅದನ್ನು ಬಿಟ್ಟು ಮೆತ್ತನೆ ಮಾತಾಡುವ ಯಂತ್ರ ಮೊದಲು ಬಂತಲ್ಲ, ಇದು ಯಾರ ಸುಖಕ್ಕೆ? ಬರೆಯುವ ಯಂತ್ರಕ್ಕೆ ಕಾಸು ಸುರಿಯುವವರು ಆ ಕೈಗಳಿಗೆ ಕೈಗವಸು, ನ್ಯಾಯವಾದ ಕೂಲಿ, ಕಾಯಂ ಕೆಲಸ ಮೊದಲು ಕೊಡಲಿ.

ನಾವು ಆ ಕಾರ್ಡು ಅಳಿಸಿದೆವು. ಅವ್ವ ಹೇಳುತ್ತ ಹೋದಳು, ನಾವು ಬರೆದೆವು: 'ಊರಿನವರ ಸಾವು ಹೇಳುತ್ತಿದ್ದ ನಮ್ಮಪ್ಪ ನೆನ್ನೆ ಆಸ್ಪತ್ರೆಯಲ್ಲಿ ಜಾಗ ಸಿಗದೆ ಸತ್ತ. ತಮಟೆ ಚೆನ್ನಾಗಿ ಬಡೀತಿದ್ದ. ಸಾಲ ಉಳಿಸಿಲ್ಲ. ನಾಳೆ ಹತ್ತು ಗಂಟೆಗೆ ಕೆರೆ ಹಿಂದುಗಡೆ ಮಣ್ಣು. ಬನ್ನಿ.' ಅದೇ ಎಲ್ಲರ ಫೋನಿಗೂ ಹೋಯಿತು.

ಹಳ್ಳಿಯ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ನಿಮ್ಮ ಕೇರಿಯಲ್ಲಿ ಯಾರಾದರೂ ಸತ್ತರೆ ಆ ಮನೆಯಲ್ಲಿ ಒಂದು ಗಂಟೆ ಕೂತುಕೊಳ್ಳಿ. ಅವರ ಬಾಯಿಂದ ಬಂದದ್ದನ್ನು ಬಂದ ಹಾಗೇ ಬರೆದಿಡಿ. ನಮ್ಮ ಸಾವನ್ನು ನಾವು ಬರೆಯದಿದ್ದರೆ, ಯಂತ್ರ ಇನ್ನೊಬ್ಬರ ಸಾವನ್ನು ನಮ್ಮ ಹೆಸರಿಗೆ ಬರೆದುಬಿಡುತ್ತದೆ.