ವಿಧೇಯತೆ ಯಾರಿಗೆ? ಮಿಲ್‌ಗ್ರಾಮ್ ಕೃತಿಯ ದೇವಶಾಸ್ತ್ರೀಯ ವಿಮರ್ಶೆ

ಸ್ಟ್ಯಾನ್ಲಿ ಮಿಲ್‌ಗ್ರಾಮ್ ಅವರ ‘ಒಬಿಡಿಯನ್ಸ್ ಟು ಅಥಾರಿಟಿ’ (1974) ಎಂಬ ಗ್ರಂಥವನ್ನು ಮೂಲಪಾಪಕ್ಕೆ ವಿಜ್ಞಾನವು ಒದಗಿಸಿದ ಸಾಕ್ಷ್ಯವೆಂದು ಪ್ರಸಂಗಪೀಠದಿಂದ ಉಲ್ಲೇಖಿಸುವುದುಂಟು. ಆ ಓದು ಅವಸರದ್ದೆಂದೂ, ಗ್ರಂಥದ ನಿಜವಾದ ಸವಾಲು ಸಭೆಯ ಅಧಿಕಾರದ ಕಡೆಗೇ ತಿರುಗಿದೆಯೆಂದೂ ನಾವು ಭಾವಿಸುತ್ತೇವೆ.

1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಆ ಪ್ರಯೋಗ ಪ್ರಸಿದ್ಧವಾದುದು. ಪಕ್ಕದ ಕೋಣೆಯಲ್ಲಿದ್ದ ವ್ಯಕ್ತಿ ತಪ್ಪು ಉತ್ತರ ಕೊಟ್ಟಾಗಲೆಲ್ಲ ಹೆಚ್ಚುಹೆಚ್ಚು ವಿದ್ಯುದಾಘಾತ ನೀಡಬೇಕೆಂದು ಸಂಶೋಧಕನು ಆಜ್ಞಾಪಿಸುತ್ತಿದ್ದನು. ಆಘಾತವು ನಟನೆಯೆಂಬುದು ಭಾಗವಹಿಸಿದವರಿಗೆ ತಿಳಿದಿರಲಿಲ್ಲ. ನಲವತ್ತು ಮಂದಿಯಲ್ಲಿ 26 ಮಂದಿ 450 ವೋಲ್ಟ್‌ಗಳವರೆಗೂ ಹೋದರು. ಯೇಲ್ ದಾಖಲೆಗಳನ್ನು ಪರಿಶೀಲಿಸಿದ ಜೀನಾ ಪೆರ್ರಿ ಅವರು 2012ರಲ್ಲಿ, ಅನೇಕರು ಆ ನಟನೆಯನ್ನು ಶಂಕಿಸಿದ್ದರೆಂದು ತೋರಿಸಿದ್ದಾರೆ. ಆದುದರಿಂದ ಈ ಅಂಕಿಗಳನ್ನು ಎಚ್ಚರದಿಂದಲೇ ಬಳಸಬೇಕು.

ಆದರೆ ಪ್ರಸಂಗಗಳಲ್ಲಿ ಬಿಟ್ಟುಹೋಗುವ ಅಂಕಿಗಳೇ ಹೆಚ್ಚು ಮುಖ್ಯವಾದವು. ನೋಯುವವನು ಅದೇ ಕೋಣೆಯಲ್ಲಿದ್ದಾಗ ಕೊನೆಯವರೆಗೆ ಹೋದವರು ಶೇಕಡಾ 40. ಜೊತೆಯಲ್ಲಿದ್ದ ಇಬ್ಬರು ನಿರಾಕರಿಸಿದಾಗ ಶೇಕಡಾ 10 ಮಾತ್ರ. ಕೇಡು ಮನುಷ್ಯಸ್ವಭಾವದಲ್ಲಷ್ಟೇ ಇದ್ದಿದ್ದರೆ ಅಂಕಿಗಳು ಹೀಗೆ ಇಳಿಯುತ್ತಿರಲಿಲ್ಲ. ನೋಯುವವನ ಮುಖ ಹತ್ತಿರವಾದಂತೆ, ನಿರಾಕರಿಸುವ ಒಡನಾಡಿ ದೊರೆತಂತೆ, ಮನಸ್ಸಾಕ್ಷಿಗೆ ಬಲ ಬರುತ್ತದೆ. ಫರೋಹನ ಆಜ್ಞೆಯನ್ನು ಮೀರಿದ ಸೂಲಗಿತ್ತಿಯರು ಇಬ್ಬರೆಂಬುದನ್ನು ವಿಮೋಚನಕಾಂಡವು ಹೆಸರಿಟ್ಟೇ ಹೇಳುತ್ತದೆ.

ಗ್ರಂಥದಲ್ಲಿ ನಮ್ಮನ್ನು ನಿಲ್ಲಿಸುವ ಪಾತ್ರವು ಹಳೆಯ ಒಡಂಬಡಿಕೆಯನ್ನು ಬೋಧಿಸುವ ಒಬ್ಬ ಪ್ರಾಧ್ಯಾಪಕರದು. ಅವರು 150 ವೋಲ್ಟ್‌ಗಳಲ್ಲಿ ನಿಂತರು. ದೇವರೇ ಪರಮಾಧಿಕಾರಿಯಾದರೆ ಮಾನವ ಅಧಿಕಾರ ಕ್ಷುಲ್ಲಕವಾಗುತ್ತದೆಂಬುದು ಆಮೇಲೆ ಅವರು ನೀಡಿದ ಕಾರಣ. ಮಿಲ್‌ಗ್ರಾಮ್ ಅವರ ಟೀಕೆ ಚುಚ್ಚುವಂಥದು: ಇವರು ಅಧಿಕಾರವನ್ನು ತೊರೆದಿಲ್ಲ, ಕೆಟ್ಟ ಅಧಿಕಾರದ ಸ್ಥಾನದಲ್ಲಿ ಒಳ್ಳೆಯದನ್ನು ಇಟ್ಟಿದ್ದಾರೆ. ಈ ಆಕ್ಷೇಪವನ್ನು ನಾವು ತಳ್ಳಿಹಾಕಲಾರೆವು, ಏಕೆಂದರೆ ದೇವರ ಹೆಸರಿನಲ್ಲಿ ಮಾತನಾಡುವ ಮನುಷ್ಯರೂ ಆಜ್ಞಾಪಿಸಬಲ್ಲರು. ಆದರೆ ಅದೇ ಪ್ರಾಧ್ಯಾಪಕರು ಪ್ರಯೋಗದ ನಡುವೆ, ಕುರ್ಚಿಯಲ್ಲಿದ್ದವನು ಬೇಡವೆನ್ನುವಾಗ ತಾವು ಆತನ ಆಜ್ಞೆಯನ್ನೇ ಪಾಲಿಸುವುದಾಗಿ ಹೇಳಿದ್ದರು. ಮಿಲ್‌ಗ್ರಾಮ್ ಇದನ್ನು ಗಮನಿಸಿಯೂ ಇದರ ದೇವಶಾಸ್ತ್ರೀಯ ತೂಕವನ್ನು ಅರಿಯಲಿಲ್ಲ. ಮತ್ತಾಯ 25ರ ಬೆಳಕಿನಲ್ಲಿ ಆ ಎರಡು ಉತ್ತರಗಳೂ ಒಂದೇ: ಕ್ರಿಸ್ತನ ಆಜ್ಞೆಯು ನೋಯುವವನ ಬಾಯಿಂದಲೇ ಬರುತ್ತದೆ.

ಕೊಂಕಲ್‌ನಿಂದ ಸುರಪುರದವರೆಗಿನ ಸೀಮೆಯಲ್ಲಿ ಸೇವೆಗೆ ಹೋಗುವ ನಮ್ಮ ವಿದ್ಯಾರ್ಥಿಗಳಿಗೆ ಇದಕ್ಕೆ ನಿದರ್ಶನ ದೂರದಲ್ಲಿಲ್ಲ. 1841ರಿಂದ 1853ರವರೆಗೆ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಅವರನ್ನು ಎಳೆಯ ರಾಜಾ ವೆಂಕಟಪ್ಪ ನಾಯಕರು ‘ಅಪ್ಪಾ’ ಎಂದು ಕರೆಯುತ್ತಿದ್ದರು. 1858ರ ಬಂಡಾಯದ ಬಳಿಕ ಸೆರೆಯಲ್ಲಿದ್ದ ರಾಜರನ್ನು ಕಂಡು, ಪ್ರಚೋದಿಸಿದವರ ಹೆಸರುಗಳನ್ನು ರೆಸಿಡೆಂಟರಿಗೆ ತಿಳಿಸುವಂತೆ ಟೇಲರ್ ಪ್ರೀತಿಯಿಂದಲೇ ಒತ್ತಾಯಿಸಿದರು. ರಾಜರು ಒಪ್ಪಲಿಲ್ಲ. ಟೇಲರ್ ಅವರ ಆತ್ಮಚರಿತ್ರೆಯೇ ಇದನ್ನು ದಾಖಲಿಸಿದೆ. ಯೇಲ್‌ನಲ್ಲಿ ಅಧಿಕಾರವು ಬೂದುಬಣ್ಣದ ನಿಲುವಂಗಿ ತೊಟ್ಟಿತ್ತು. ಇಲ್ಲಿ ಅದು ತಂದೆಯ ದನಿಯಲ್ಲಿ ಮಾತನಾಡಿತು. ಎದುರಿಗಿದ್ದ ಪ್ರೀತಿಯ ಮಾತಿಗಿಂತ, ತಮ್ಮ ಒಂದು ಮಾತಿನಿಂದ ಕೇಡಿಗೆ ಒಳಗಾಗಬಹುದಾಗಿದ್ದ ಕಣ್ಮರೆಯವರ ಹಕ್ಕು ರಾಜರಿಗೆ ದೊಡ್ಡದಾಯಿತು.

ಮಿಲ್‌ಗ್ರಾಮ್ ಅವರ ಪ್ರಯೋಗಶಾಲೆಯಲ್ಲಿ ಈ ತಂದೆಯ ದನಿ ಇರಲಿಲ್ಲ. ಅದು ಕೃತಿಯ ಮಿತಿ. ಸಭೆಯಲ್ಲಾದರೋ ಅಧಿಕಾರವು ಬಹುಮಟ್ಟಿಗೆ ಅದೇ ದನಿಯಲ್ಲಿ ಬರುತ್ತದೆ. ಒಂದು ಕುಟುಂಬವನ್ನು ಕರ್ತನ ಭೋಜನದಿಂದ ದೂರವಿಡಲು, ಒಬ್ಬ ಹೆಂಗಸಿನ ದೂರನ್ನು ಮುಚ್ಚಿಡಲು, ಸಭಾಪಾಲಕರೂ ಹಿರಿಯರೂ ಮೃದುವಾಗಿಯೇ ಕೇಳಿಕೊಳ್ಳಬಹುದು. ಆಗ ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವನ್ನು ಮೊದಲ ವಚನಕ್ಕೇ ನಿಲ್ಲಿಸಿ ಓದುವುದು ಅಪಾಯಕರ. ನೆರೆಯವನಿಗೆ ಪ್ರೀತಿಯು ಕೇಡು ಮಾಡದೆಂಬ ಹತ್ತನೆಯ ವಚನವೂ ಅದೇ ಅಧ್ಯಾಯದಲ್ಲಿದೆ. ನಮ್ಮ ಸೆಮಿನರಿಗಳು ವಿಧೇಯತೆಯನ್ನು ಬೋಧಿಸಲಿ. ಅದರೊಡನೆ, ಮೊದಲು ನಿರಾಕರಿಸುವ ಒಬ್ಬರ ಪಕ್ಕದಲ್ಲಿ ಎರಡನೆಯವರಾಗಿ ನಿಲ್ಲುವುದನ್ನೂ ಕಲಿಸಲಿ.